ಪೋಷಕರ ನಡೆ

ಹತ್ತು ವರ್ಷದೊಳಗಿನ ಮಕ್ಕಳ ಚದುರಂಗ ಪಂದ್ಯಾವಳಿ ಒಂದಿತ್ತು. ಆಡಲು ಬಂದಿದ್ದ ಮಕ್ಕಳು ಮೂವತ್ತೆರಡು. ಮೊದಲ ಬಹುಮಾನ ಯಾರಿಗೆ ಬಂತು, ಊಹಿಸಿ ನೋಡೋಣ. ಯಾವುದೋ ಚುರುಕು ಹುಡುಗಿಗೆ ಅಂತೀರಾ? ಅಲ್ಲ. ದಪ್ಪ ಕನ್ನಡಕದ, ಮಾತೇ ಆಡದ ಹುಡುಗನಿಗೆ? ಅದೂ ಅಲ್ಲ. ಸಂಘಟಕರ ಮಗನಿಗೇ ಬಂದಿರಬೇಕು ಅಂತ ಮೀಸೆಯಡಿಯಲ್ಲಿ ನಗುತ್ತಿರುವವರು ಲೋಕ ಕಂಡವರೇ ಸರಿ, ಆದರೆ ಅವರ ಊಹೆಯೂ ತಪ್ಪು. ಬಹುಮಾನ ಬಂದದ್ದು ಒಬ್ಬ ಬಸ್ ಕಂಡಕ್ಟರಿಗೆ. ವಯಸ್ಸು ನಲವತ್ತಮೂರು. ಎಡ ಮೊಣಕಾಲಿನಲ್ಲಿ ನೋವು. ಅಲ್ಲಿಯ ತನಕ ಚದುರಂಗದ ಒಂದೇ ಒಂದು ಆಟ ಗೆದ್ದವರಲ್ಲ. ಎಲ್ಲವೂ ನಿಯಮದ ಪ್ರಕಾರವೇ ಆಯಿತು, ಒಂದಕ್ಷರ ಆಚೀಚೆ ಆಗಲಿಲ್ಲ. ಅದು ಹೇಗೆ ಅನ್ನುವುದನ್ನು ಮೊದಲಿನಿಂದ ಕ್ರಮವಾಗಿ ತಿಳಿಯುವುದು ಒಳ್ಳೆಯದು. ಮನೆಯಲ್ಲಿ ಮಕ್ಕಳಿರುವವರಿಗೆ ಇಂದಲ್ಲ ನಾಳೆ ಬೇಕಾಗುವ ವಿಷಯ.

ಕಂಡಕ್ಟರ ಮನೆಗೆ ಚದುರಂಗ ಬಂದದ್ದೇ ಬಸ್ಸಿನಿಂದ. ಹಿಂದಿನ ಸೀಟಿನ ಕೆಳಗೆ ಯಾರೋ ಮರೆತುಹೋದ ಮರದ ಪೆಟ್ಟಿಗೆ ಸಿಕ್ಕಿತು. ನಿಯಮದಂತೆ ಡಿಪೋದ ಕಪಾಟಿಗೆ ಸೇರಿಸಿದರು. ಆರು ತಿಂಗಳು ಯಾರೂ ಕೇಳಿಕೊಂಡು ಬರಲಿಲ್ಲ. ನಿಯಮದಂತೆ ಸಿಕ್ಕವರಿಗೇ ವಾಪಸು ಕೊಟ್ಟರು. ಮನೆಗೆ ತಂದು ತೆರೆದರೆ ಒಂದು ಕರಿ ಕುದುರೆ ಇಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳವೊಂದನ್ನು ತೊಳೆದು ತಂದು ಬೋರ್ಡಿನಲ್ಲಿ ಆ ಕುದುರೆಯ ಮನೆಯಲ್ಲಿ ಕೂರಿಸಿದರು. “ಇವತ್ತಿಂದ ಇದು ಕುದುರೆ,” ಅಂದರು. ಮಗಳು ಮರುಮಾತಿಲ್ಲದೆ ಒಪ್ಪಿದಳು. ಮುಚ್ಚಳವನ್ನು ಕುದುರೆ ಅಂತ ಒಪ್ಪುವುದಕ್ಕೆ ಮಕ್ಕಳಿಗೆ ಸುತ್ತೋಲೆ ಬೇಕಾಗುವುದಿಲ್ಲ.

ಆ ಮಗಳಿಗೆ ಮನೆಯಲ್ಲಿ ಗುಬ್ಬಿ ಅಂತ ಕರೆಯುವ ರೂಢಿ. ಪೆಟ್ಟಿಗೆಯೊಳಗಿದ್ದ ಮಡಿಸಿದ ಹಾಳೆ ಓದಿ ಗುಬ್ಬಿ ಆಟ ಕಲಿತಳು. ಎದುರಿಗೆ ಕೂರಲು ಒಬ್ಬರು ಬೇಕಲ್ಲ, ಅದು ಅಪ್ಪ. ಡ್ಯೂಟಿ ಮುಗಿಸಿ ಬಂದು, ಕಾಲು ತೊಳೆದು, ಊಟದ ಮೇಜಿನ ಒಂದು ಬದಿಗೆ ಕೂತು, ಇಪ್ಪತ್ತು ನಿಮಿಷದಲ್ಲಿ ಸೋಲುವುದು. ಎರಡು ವರ್ಷ ದಿನಾ ತಪ್ಪದೆ ಸೋತರು.

“ಅಪ್ಪಾ, ನೀನು ಬೇಕೂಂತಲೇ ಸೋಲ್ತೀಯಾ?” ಅಂತ ಗುಬ್ಬಿ ಒಂದು ದಿನ ಕೇಳಿದಳು.

“ಬೇಕೂಂತ ಸೋಲೋಕೂ ಸ್ವಲ್ಪ ಆಟ ಬರ್ಬೇಕಮ್ಮ. ನಂಗೆ ಅಷ್ಟೂ ಬರಲ್ಲ.”

ಇಷ್ಟಾದರೂ ಅವರಿಗೆ ಕಾಲಾಳುಗಳೆಂದರೆ ಬಹಳ ಗೌರವ. ಆನೆ, ಕುದುರೆ, ಒಂಟೆ, ಮಂತ್ರಿ ಎಲ್ಲರೂ ಬೇಕಾದಾಗ ಹಿಂದಕ್ಕೆ ಬರುತ್ತಾರೆ. ಕಾಲಾಳು ಮಾತ್ರ ಮುಂದೆ ಮುಂದೆಯೇ ಹೋಗುತ್ತಾನೆ. ಹತ್ತೊಂಬತ್ತು ವರ್ಷದಿಂದ ಕಂಡಕ್ಟರ್ ತಮ್ಮ ಪ್ರಯಾಣಿಕರಲ್ಲಿ ಹುಡುಕುತ್ತಿದ್ದ ಗುಣ ಅದೊಂದೇ.

ಒಂಬತ್ತು ತುಂಬಿದ ಮೇಲೆ ಗುಬ್ಬಿಗೆ ಒಂದು ಆಸೆ ಹಿಡಿಯಿತು. ನಿಜವಾದ ಪಂದ್ಯಾವಳಿಯಲ್ಲಿ, ಎರಡು ಮುಖದ ಗಡಿಯಾರ ಪಕ್ಕದಲ್ಲಿ ಟಿಕ್ ಟಿಕ್ ಅನ್ನುತ್ತಿರುವಾಗ, ಅಚ್ಚಾದ ಹಾಳೆಯ ಮೇಲೆ ಹೆಸರು ಬರೆದು, ಅದರ ಕೆಳಗೆ ಒಂದೊಂದೇ ನಡೆ ದಾಖಲಿಸುತ್ತ, ಒಂದು ಆಟ ಪೂರ್ತಿ ಆಡಬೇಕು. ಗೆಲ್ಲಬೇಕು ಅಂತೇನೂ ಇಲ್ಲ, ಆಡಬೇಕು. ಊರಿನ ಚದುರಂಗ ಸಂಘ ವರ್ಷಕ್ಕೊಂದು ಪಂದ್ಯಾವಳಿ ನಡೆಸುತ್ತಿತ್ತು, ಅದೂ ಹತ್ತು ವರ್ಷದೊಳಗಿನವರಿಗೆ ಮಾತ್ರ. ಹತ್ತು ದಾಟಿದವರು ಶಾಲೆಯ ಪಾಠ ಓದಿಕೊಳ್ಳಲಿ ಎಂಬುದು ಸಂಘದ ನಿಲುವು. ಆ ವರ್ಷದ ಪಂದ್ಯಾವಳಿ ಒಂದು ಭಾನುವಾರಕ್ಕೆ ಗೊತ್ತಾಯಿತು. ಗುಬ್ಬಿಗೆ ಹತ್ತು ತುಂಬುವುದು ಮಾರನೆಯ ದಿನ, ಸೋಮವಾರ. ಕಂಡಕ್ಟರ ಲೆಕ್ಕದಲ್ಲಿ ಹೇಳುವುದಾದರೆ ಅವಳ ಪಾಲಿಗೆ ಅದೇ ಕೊನೆಯ ಬಸ್ಸು. ಅದು ತಪ್ಪಿದರೆ ಆ ದಾರಿಯಲ್ಲಿ ಇನ್ನೊಂದಿಲ್ಲ.

ಪಂದ್ಯಾವಳಿಗೆ ಎರಡು ತಿಂಗಳು ಮುಂಚೆ ಸಂಘದಲ್ಲಿ ಒಂದು ಅಭ್ಯಾಸದ ಆಟ ಇಟ್ಟಿದ್ದರು. ಹೆಂಡತಿಗೆ ಭಾನುವಾರ ಆಸ್ಪತ್ರೆ ಡ್ಯೂಟಿ, ಹಾಗಾಗಿ ಕಂಡಕ್ಟರೇ ರಜೆ ಹಾಕಿ ಮಗಳನ್ನು ಕರೆದುಕೊಂಡು ಹೋದರು. ಆಟದ ಕೋಣೆಯಲ್ಲಿ ಹದಿನಾರು ಬೋರ್ಡು, ಮೂವತ್ತೆರಡು ಮಕ್ಕಳು, ಸೂಜಿ ಬಿದ್ದರೆ ಕೇಳಿಸುವಷ್ಟು ಮೌನ. ಅಪ್ಪ ಅಮ್ಮಂದಿರೆಲ್ಲ ಬಾಗಿಲಲ್ಲೇ ಒಬ್ಬರ ಹೆಗಲ ಮೇಲೆ ಒಬ್ಬರು ಕತ್ತು ಚಾಚಿಕೊಂಡು ಜೇನುಗೂಡಿನ ಹಾಗೆ ಕಟ್ಟಿಕೊಂಡಿದ್ದರು. ಕಂಡಕ್ಟರು ಆ ದೃಶ್ಯವನ್ನು ಐದು ನಿಮಿಷ ತಡೆದುಕೊಂಡರು. ಆರನೆಯ ನಿಮಿಷಕ್ಕೆ ಅವರ ಬಾಯಿ ಅವರನ್ನು ಕೇಳದೆ ತೆರೆಯಿತು.

“ಮುಂದೆ ಹೋಗಿ, ಮುಂದೆ ಹೋಗಿ, ಮುಂದೆ ಖಾಲಿ ಇದೆ.”

ಹತ್ತೊಂಬತ್ತು ವರ್ಷ ಇಂಜಿನ್ನಿನ ಸದ್ದನ್ನು ಮೀರಿಸಿ ಪಳಗಿದ ಗಂಟಲು ಅದು. ಬಾಗಿಲಲ್ಲಿದ್ದವರು ಒಬ್ಬರೂ ಅಲುಗಲಿಲ್ಲ. ಆದರೆ ಒಳಗೆ ಹನ್ನೊಂದು ಮಕ್ಕಳು, ದೊಡ್ಡವರು ಹೇಳಿದ ಮೇಲೆ ಕೇಳಬೇಕು ಅಂತ ಕಲಿತವರು, ಎದುರಿಗಿದ್ದ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿದರು. ದಂತವೈದ್ಯೆಯೊಬ್ಬರ ಮಗ ಹಾಗೆ ತಳ್ಳಿದ ಕಾಲಾಳು ಅಲ್ಲೇ ಸತ್ತಿತು, ಅದರ ಹಿಂದೆಯೇ ಅವನ ರಾಜ. ದಂತವೈದ್ಯೆ ಸಂಜೆಯೊಳಗೆ ದೂರು ಕೊಟ್ಟರು. ದೂರು ಎರಡು ಪುಟ ಇತ್ತು, ಅಕ್ಷರ ಮಾತ್ರ ಯಾರಿಗೂ ಓದಲಾಗಲಿಲ್ಲ. ಹೀಗಾಗಿ ಅದನ್ನು ಗಂಭೀರವಾದದ್ದೆಂದು ಪರಿಗಣಿಸಲಾಯಿತು.

ವಿಚಾರಣೆ ನಡೆಸಿದವರು ಸಂಘದ ಕಾರ್ಯದರ್ಶಿ. ಕೈಯಿರುವ ಕುರ್ಚಿ ಸಂಘದಲ್ಲಿ ಎರಡೇ ಇದ್ದವು. ಒಂದರ ಮೇಲೆ ಅವರು ಕೂರುತ್ತಿದ್ದರು, ಇನ್ನೊಂದರ ಮೇಲೆ ಅವರ ಕೋಟು.

“ನೀವು ‘ಮುಂದೆ ಹೋಗಿ’ ಅಂದದ್ದು ನಿಜವೇ?”

“ನಿಜ ಸಾರ್.”

“ಎಷ್ಟು ಸಲ?”

“ಎರಡು ಸಲ. ಜೊತೆಗೆ ಖಾಲಿ ಇದೆ ಅಂತ ಒಂದು ಸಲ.”

“ಯಾರನ್ನು ಉದ್ದೇಶಿಸಿ?”

“ಬಾಗಿಲಲ್ಲಿ ನಿಂತವರನ್ನ ಸಾರ್.”

“ಅವರು ಹೋದರೇ?”

“ಇಲ್ಲ ಸಾರ್. ಅವ್ರು ಯಾವತ್ತೂ ಹೋಗಲ್ಲ.”

“ಹನ್ನೊಂದು ಕಾಲಾಳುಗಳು ಹೋದವು.”

ಕಂಡಕ್ಟರ್ ತಲೆ ತಗ್ಗಿಸಿದರು. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು. ಇಷ್ಟು ಮಂದಿ ಒಟ್ಟಿಗೆ ಅವರ ಮಾತು ಕೇಳಿದ್ದು ಕೆಲಸಕ್ಕೆ ಸೇರಿದ ಮೇಲೆ ಇದೇ ಮೊದಲು.

ತಪ್ಪು ಕಂಡಕ್ಟರದ್ದಲ್ಲ, ನಿಯಮ ಇಲ್ಲದಿರುವುದರದ್ದು ಎಂದು ಕಾರ್ಯದರ್ಶಿ ತೀರ್ಮಾನಿಸಿದರು. ನಿಯಮ ಇಲ್ಲದ ಜಾಗ ಕಂಡರೆ ಅವರಿಗೆ ನೊರೆಹಾಲು ಕಂಡ ಬೆಕ್ಕಿನ ಸಂತೋಷ. ಒಂದೇ ವಾರದಲ್ಲಿ ಸುತ್ತೋಲೆ ಹೊರಟಿತು.

“ವಿಷಯ: ಚದುರಂಗ ಕಲಿಯುವ ಮಗುವಿಗೆ ಪೋಷಕರು ನೀಡತಕ್ಕ ಬೆಂಬಲದ ಕುರಿತು.

ಒಂದು: ಬೆಂಬಲವು ಮೌನವಾಗಿರತಕ್ಕದ್ದು.

ಎರಡು: ಹುಬ್ಬು ಏರಿಸುವುದು, ತಲೆ ಅಲ್ಲಾಡಿಸುವುದು, ಕೆಮ್ಮಿನ ಮೂಲಕ ಅಭಿಪ್ರಾಯ ಸೂಚಿಸುವುದು ನಿಷಿದ್ಧ. ನಿಟ್ಟುಸಿರು ಅನಿವಾರ್ಯವಾದಲ್ಲಿ ಹೊರಗೆ ಹೋಗಿ ಬಿಟ್ಟು ಬರತಕ್ಕದ್ದು.

ಮೂರು: ಸೋತ ಮಗುವನ್ನು ‘ಯಾಕೆ ನೋಡಲಿಲ್ಲ’ ಎಂದಾಗಲಿ, ಗೆದ್ದ ಮಗುವನ್ನು ‘ಇಷ್ಟು ಹೊತ್ತು ಯಾಕೆ’ ಎಂದಾಗಲಿ ಪ್ರಶ್ನಿಸತಕ್ಕದ್ದಲ್ಲ.

ನಾಲ್ಕು: ಮಗುವಿಗೊಬ್ಬರಂತೆ ಪೋಷಕರು ಕಾಯುವ ಹಜಾರದಲ್ಲಿ ಇರತಕ್ಕದ್ದು. ಸದರಿ ಹಜಾರದಲ್ಲಿ ಪ್ರತಿಯೊಬ್ಬ ಪೋಷಕರ ನಡೆಯನ್ನು ದಾಖಲಿಸತಕ್ಕದ್ದು. ಪೋಷಕರ ನಡೆ ಸರಿಯಿದೆಯೆಂದು ತೀರ್ಮಾನವಾಗುವ ತನಕ ಮಕ್ಕಳ ಆಟ ಆರಂಭಿಸುವಂತಿಲ್ಲ.”

ಮೂರನೆಯದು ನಿಜಕ್ಕೂ ಒಳ್ಳೆಯ ನಿಯಮ, ಚೌಕಟ್ಟು ಹಾಕಿಸಿ ಮನೆಮನೆಯಲ್ಲಿ ತೂಗುಹಾಕುವಂಥದ್ದು. ಅದನ್ನು ಯಾರೂ ಓದಲಿಲ್ಲ. ಎಲ್ಲರೂ ಓದಿದ್ದು ನಾಲ್ಕನೆಯದು.

ಅದರಲ್ಲಿ ಕಾರ್ಯದರ್ಶಿ ‘ನಡೆ’ ಅಂದದ್ದು ನಡತೆ ಎಂಬ ಅರ್ಥದಲ್ಲಿ. ನಡತೆ ಅಂತಲೇ ಬರೆಯಬಹುದಿತ್ತು. ಆದರೆ ನಡತೆ ಶಾಲೆಯ ಅಂಕಪಟ್ಟಿಯ ಪದ, ನಡೆ ಅಂದರೆ ಒಂದು ತೂಕ ಎಂದು ಅವರಿಗೆ ಅನ್ನಿಸಿತು. ಇತ್ತ ದಾಖಲಿಸುವ ಕೆಲಸ ಬಂದದ್ದು ಸಂಘದ ಗುಮಾಸ್ತರಿಗೆ. ಆ ಮನುಷ್ಯ ಇಪ್ಪತ್ತಾರು ವರ್ಷದಿಂದ ಅಲ್ಲಿ ಚದುರಂಗದ ನಡೆ ದಾಖಲಿಸಿಕೊಂಡು ಬಂದವರು. ಯಾವ ಕಾಯಿ, ಯಾವ ಮನೆಯಿಂದ, ಯಾವ ಮನೆಗೆ. ನಡೆ ಎಂಬ ಪದಕ್ಕೆ ಬೇರೆ ಅರ್ಥ ಇದ್ದರೂ ಇರಬಹುದು, ಅದು ಅವರ ಮೇಜಿನ ತನಕ ಬಂದಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ಅಭ್ಯಾಸದ ಆಟವಿದ್ದಾಗ ಗುಮಾಸ್ತರು ರಿಜಿಸ್ಟರು ಹಿಡಿದು ಕಾಯುವ ಹಜಾರಕ್ಕೆ ಬಂದರು. ಆ ಹಜಾರದ ನೆಲಕ್ಕೆ ಹಳೆಯ ಕಾಲದ ಕಪ್ಪು ಬಿಳುಪು ಕಲ್ಲು ಹಾಸಿತ್ತು. ಉದ್ದಕ್ಕೆ ಎಂಟು, ಅಗಲಕ್ಕೆ ಎಂಟು. ನಿಜಕ್ಕೂ ಉದ್ದಕ್ಕೆ ಒಂಬತ್ತಿತ್ತು, ಒಂಬತ್ತನೆಯ ಸಾಲಿನ ಮೇಲೆ ಕಪಾಟು ನಿಂತದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಂಡಕ್ಟರು ಬಾಯಾರಿಕೆಯಾಗಿ ನೀರಿನ ಹೂಜಿಯ ಕಡೆ ಎರಡು ಹೆಜ್ಜೆ ಹಾಕಿದರು. ಗುಮಾಸ್ತರು ಬರೆದುಕೊಂಡರು: ಗ-2 ರಿಂದ ಗ-4.

“ಏನು ಬರ್ಕೊಂಡ್ರಿ ಸಾರ್?”

“ನಿಮ್ಮ ನಡೆ.”

“ನೀರು ಕುಡಿಯೋಕೆ ಹೊರಟೆ, ಅಷ್ಟೆ.”

“ಸರಿಯಾಗಿದೆ. ಮೊದಲನೇ ಸಲ ಎರಡು ಮನೆ ಹೋಗ್ಬಹುದು. ಇನ್ನು ಮೇಲೆ ಒಂದೊಂದೇ.”

“ವಾಪಸ್ ಬರೋದು?”

“ನೀವು ನಿಂತ್ಕೊಂಡಿದ್ರಿ. ನಿಂತವರು ಕಾಲಾಳುಗಳು. ಕಾಲಾಳು ವಾಪಸ್ ಬರಲ್ಲ.”

ಈ ತತ್ವದ ಬಗ್ಗೆ ಕಂಡಕ್ಟರಿಗೆ ತಕರಾರು ಎತ್ತಲು ಆಗಲಿಲ್ಲ. ಅವರದೇ ತತ್ವ ಅದು. ಸಂಜೆ ಐದರ ತನಕ ಗ-4 ರಲ್ಲೇ ನಿಂತಿದ್ದರು. ಹೂಜಿ ಗ-6 ರಲ್ಲಿತ್ತು.

ಉಳಿದವರಿಗೂ ಹೀಗೆಯೇ ಸ್ಥಾನ ನಿಗದಿಯಾಯಿತು. ನಿಂತವರು ಕಾಲಾಳು, ಸ್ಟೂಲಿನವರು ಆನೆ ಕುದುರೆ ಒಂಟೆ. ಒಂದು ಗೋಡೆಯ ಬೆಂಚಿನ ಮೇಲೆ ಎಲ್ಲರಿಗಿಂತ ಮುಂಚೆ ಬಂದು ಜಾಗ ಹಿಡಿದಿದ್ದ ದಂತವೈದ್ಯೆ ಬಿಳಿಯ ಮಂತ್ರಿ, ಎದುರು ಗೋಡೆಯ ಮೂಲೆಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಕರಿಯ ರಾಜ. ಮೂವತ್ತೆರಡು ಮಕ್ಕಳಿಗೆ ಮೂವತ್ತೆರಡು ಪೋಷಕರು, ಒಂದು ಕಾಯಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ಸರಿಯಾಗಿ ಕೂಡಿಬಂದ ಮೇಲೆ ಸುತ್ತೋಲೆಯ ಉದ್ದೇಶ ಬೇರೆ ಇರಲು ಸಾಧ್ಯವೇ ಇಲ್ಲ ಎಂದು ಗುಮಾಸ್ತರಿಗೆ ಖಾತ್ರಿಯಾಯಿತು.

ಕಾರ್ಯದರ್ಶಿಗಳು ರಿಜಿಸ್ಟರು ನೋಡಿ ಲೆಕ್ಕ ಹಾಕಿದರು. ಸುತ್ತೋಲೆ ತಿದ್ದಬೇಕಾದರೆ ಮಹಾಸಭೆ ಕರೆಯಬೇಕು. ಮಹಾಸಭೆಗೆ ಹಜಾರ ಬೇಕು. ಹಜಾರದಲ್ಲಿ ಪೋಷಕರು ನಿಂತಿದ್ದಾರೆ, ಅವರ ಸರದಿ ಬಾರದೆ ಅಲ್ಲಿಂದ ಕದಲುವ ಹಾಗಿಲ್ಲ. ಕಾರ್ಯದರ್ಶಿಗಳು ಷರಾ ಬರೆದರು: “ಗುಮಾಸ್ತರು ನನ್ನ ಆಶಯವನ್ನು ಸರಿಯಾಗಿ ಗ್ರಹಿಸಿರುತ್ತಾರೆ.”

ಅಲ್ಲಿಗೆ ವಿಷಯ ನಿಚ್ಚಳವಾಯಿತು. ಪಂದ್ಯಾವಳಿಯ ದಿನ ಮೊದಲು ಪೋಷಕರ ನಡೆ, ಅದು ಮುಗಿದ ಮೇಲೆ ಮಕ್ಕಳ ಆಟ. ಒಂದೇ ಒಂದು ತಪ್ಪು ನಡೆಯಿಟ್ಟರೂ ಅವರ ಮಗು ಹೊರಗೆ. ಪೋಷಕರೊಬ್ಬರೂ ಇದನ್ನು ವಿಚಿತ್ರ ಅನ್ನಲಿಲ್ಲ. ಮಕ್ಕಳಿಗಾಗಿ ಇಷ್ಟೂ ಮಾಡದಿದ್ದರೆ ಹೇಗೆ ಅಂದರು.

ಕಂಡಕ್ಟರು ಅಡುಗೆಮನೆಯ ನೆಲದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಅಭ್ಯಾಸ ಶುರುಮಾಡಿದರು.

“ಪಕ್ಕಕ್ಕೆ ಸರೀರಿ, ಪಾತ್ರೆ ಇಳಿಸ್ಬೇಕು,” ಅಂದರು ಹೆಂಡತಿ.

“ಪಕ್ಕಕ್ಕೆ ಸರಿಯೋ ಹಾಗಿಲ್ಲ ಕಣೇ. ಓರೆಯಾಗಿ ಮುಂದೆ ಯಾರಾದ್ರೂ ನಿಂತಿದ್ರೆ ಮಾತ್ರ ಆ ಮನೆಗೆ ಹೋಗ್ಬಹುದು.”

ಹೆಂಡತಿ ಬಿಸಿ ಪಾತ್ರೆ ಸಮೇತ ಓರೆಯಾಗಿ ಮುಂದೆ ಬಂದು ನಿಂತರು. “ನಿಂತಿದ್ದೀನಿ. ಈಗ?”

“ಈಗ ನಿನ್ನನ್ನ ಹೊರಗೆ ಕಳಿಸಿ ನಾನು ಅಲ್ಲಿಗೆ ಬರ್ಬೇಕು.”

“ಕಳಿಸಿ ನೋಡೋಣ.”

ಕಂಡಕ್ಟರು ಒಂದು ಕ್ಷಣ ಯೋಚಿಸಿ, ನಿಯಮ ಮೀರಿ, ಪಕ್ಕಕ್ಕೆ ಸರಿದರು. ಮನೆಯಲ್ಲಿ ದಾಖಲಿಸುವವರು ಯಾರೂ ಇರಲಿಲ್ಲವಲ್ಲ.

ಗುಬ್ಬಿ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದಳು. “ಅಪ್ಪಾ, ಇವತ್ತು ಒಂದು ಆಟ?”

“ಇವತ್ತು ಬೇಡ ಗುಬ್ಬಿ. ನಿಂಗೆ ಬೆಂಬಲ ಕೊಡೋದನ್ನ ಕಲೀತಿದ್ದೀನಿ.”

“ಎಷ್ಟು ದಿನ ಕಲೀಬೇಕು?”

“ನೀನು ಆಡೋ ತನಕ.”

ಆರು ವಾರ ಹೀಗೇ ಹೋಯಿತು. ಗುಬ್ಬಿ ಊಟದ ಮೇಜಿನ ಮೇಲೆ ಒಬ್ಬಳೇ ಆಡಿದಳು, ಬಲಗೈ ಬಿಳಿ, ಎಡಗೈ ಕರಿ. ಅಮ್ಮ ಯಾರು ಗೆದ್ದರು ಅಂತ ಕೇಳಿದರೆ “ಎಡಗೈ” ಅನ್ನುತ್ತಿದ್ದಳು. ಎಡಗೈ ಪಾಪ, ಮುಚ್ಚಳದ ಕುದುರೆ ಇಟ್ಟುಕೊಂಡೂ ಗೆಲ್ಲುತ್ತಿತ್ತು.

ಆ ಭಾನುವಾರ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಪೋಷಕರು ಅವರವರ ಕಲ್ಲಿನ ಮೇಲೆ ನಿಂತರು. ಕಂಡಕ್ಟರು ಬಿಳಿಯ ಕಡೆ, ಗ-2. ಒಂಬತ್ತೂಕಾಲಿಗೆ ಕಾರ್ಯದರ್ಶಿಗಳು ಮಕ್ಕಳನ್ನೆಲ್ಲ ಗೋಡೆಗುಂಟ ಚಾಪೆಯ ಮೇಲೆ ಕೂರಿಸಿ ಹೇಳಿದರು: “ಮಕ್ಕಳೇ, ಗಲಾಟೆ ಮಾಡ್ಬೇಡಿ. ನಿಮ್ಮ ಅಪ್ಪ ಅಮ್ಮನ ಗಮನ ಹಾಳಾಗುತ್ತೆ.”

ಆಟ ನಿಧಾನವಾಗಿ ಸಾಗಿತು. ನಡೆಯಿಡುವವರು ಕೈ ಎತ್ತಬೇಕು, ಅನುಮತಿ ಪಡೆಯಬೇಕು, ಹೆಜ್ಜೆ ಹಾಕಬೇಕು, ರಿಜಿಸ್ಟರಿಗೆ ಸಹಿ ಮಾಡಬೇಕು, ಎದುರು ಕಡೆಯವರೊಬ್ಬರು ಅದರ ಪಕ್ಕ ಸಹಿ ಮಾಡಬೇಕು. ಒಂದೊಂದಕ್ಕೂ ಹತ್ತು ಹನ್ನೊಂದು ನಿಮಿಷ. ಆಟದಿಂದ ಹೊರಬಿದ್ದವರು ಜಗಲಿಯ ಬೆಂಚಿಗೆ ಹೋಗಿ ಕೂರುತ್ತಿದ್ದರು, ಅವರ ಮಗು ಹಿಂದೆಯೇ ನೀರಿನ ಬಾಟಲಿ ತೆಗೆದುಕೊಂಡು ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ಬೆಂಬಲ ಕೊಡುವುದು ರೂಢಿಯಾಗಿಬಿಟ್ಟಿತ್ತು. ಹೊರಬಿದ್ದ ತಾಯಿಯೊಬ್ಬರಿಗೆ ಅವರ ಮಗ “ಯಾಕಮ್ಮ, ಆ ಒಂಟೆ ಬರ್ತಿರೋದು ಕಾಣ್ಲಿಲ್ವಾ?” ಅಂದಾಗ ಪಕ್ಕದ ಹುಡುಗಿ ತಡೆದಳು. “ಹಾಗೆಲ್ಲ ಕೇಳ್ಬಾರ್ದು. ಮೂರನೇ ನಿಯಮ.” ಅವನು ನಾಲಗೆ ಕಚ್ಚಿಕೊಂಡು ಅಮ್ಮನ ಬೆನ್ನು ಸವರಿದ. “ಹೋಗ್ಲಿ ಬಿಡಮ್ಮ. ಚೆನ್ನಾಗೇ ನಿಂತಿದ್ದೆ.”

ಗುಬ್ಬಿ ಬೆಳಿಗ್ಗೆ ಮೊದಲ ನಡೆಗೆ ಮುಂಚೆಯೇ ಗುಮಾಸ್ತರ ಹತ್ತಿರ ಹೋಗಿ ನಡೆ ಬರೆಯುವ ಹಾಳೆ ಕೇಳಿದ್ದಳು. ಅಚ್ಚಾದ ಹಾಳೆ, ಎರಡು ಕಾಲಂ, ಮೇಲೆ ಆಟಗಾರರ ಹೆಸರಿಗೆ ಜಾಗ. ಕಾಯುತ್ತಾ ಕೂರುವ ಬದಲು ಬರೆಯುತ್ತಾ ಕೂತರಾಯಿತು ಅಂತ ಅವಳ ಲೆಕ್ಕ. ಹೆಸರಿನ ಜಾಗದಲ್ಲಿ ಬಹಳ ಹೊತ್ತು ಪೆನ್ಸಿಲ್ ಇಟ್ಟುಕೊಂಡಿದ್ದು, ಕೊನೆಗೆ ‘ಅಪ್ಪ’ ಎಂದು ಬರೆದಿದ್ದಳು.

ಸಂಜೆ ಐದಾಯಿತು. ಆರಕ್ಕೆ ಹಜಾರವನ್ನು ಹಾಡುಗಾರಿಕೆ ಕಲಿಸುವವರಿಗೆ ಬಿಟ್ಟುಕೊಡಬೇಕು. ಗುಬ್ಬಿ ಗಡಿಯಾರ ನೋಡಿದಳು, ಆಟದ ಕೋಣೆಯ ಮುಚ್ಚಿದ ಬಾಗಿಲು ನೋಡಿದಳು. ಇನ್ನು ಒಂದು ಗಂಟೆ. ಒಂದೇ ಆಟವಾದರೂ ಆಡಬೇಕಾದರೆ ದೊಡ್ಡವರದು ಈಗಲೇ ಮುಗಿಯಬೇಕು.

ಕಂಡಕ್ಟರು ಒಂಟಿಕಾಲಿನಲ್ಲಿ ಗ-7 ರಲ್ಲಿದ್ದರು, ಎಡ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಹೂಜಿ ದಾಟುವಾಗ ಒಂದು ಲೋಟ ನೀರು ಕುಡಿದದ್ದೇ ಅವರಿಗೆ ಆ ದಿನ ಸಿಕ್ಕ ಸುಖ. ಮುಂದೆ ಒಂದೇ ಮನೆ, ಎಂಟನೆಯ ಸಾಲು, ಅದು ಖಾಲಿ. ಆ ಸಾಲಿನ ಮೂಲೆಯಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕ್ಷೇಮವಾಗಿರಲಿ ಅಂತ ಮುಂದೆ ಮೂರು ಜನ ತಮ್ಮದೇ ಕಾಲಾಳುಗಳನ್ನು ಅಡ್ಡ ನಿಲ್ಲಿಸಿಕೊಂಡಿದ್ದರು. ಸರದಿ ಬಿಳಿಯವರದು. ದಂತವೈದ್ಯೆ ಇನ್ನೆಲ್ಲೋ ಒಂದು ಒಂಟೆಯ ಮೇಲೆ ಕಣ್ಣಿಟ್ಟು, ಅದನ್ನು ಕೀಳಲೋ ಬೇಡವೋ ಎಂದು ಇಪ್ಪತ್ತು ನಿಮಿಷದಿಂದ ಯೋಚಿಸುತ್ತಿದ್ದರು. ಬಿಳಿ ಕಡೆಯ ಯಾರಿಗೂ ಏನೂ ಕಾಣಲಿಲ್ಲ. ಗುಮಾಸ್ತರಿಗೂ ಕಾಣಲಿಲ್ಲ. ಚಾಪೆಯ ಮೇಲಿದ್ದ ಗುಬ್ಬಿಗೆ ಕಂಡಿತು. ಅಪ್ಪನನ್ನು ನೋಡಿದಳು, ಮೂಲೆಯ ರಾಜನನ್ನು ನೋಡಿದಳು, ಎದ್ದು ನಿಂತಳು. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಅದೇ ರಾಗದಲ್ಲಿ, ಅದೇ ಗಂಟಲಿನಲ್ಲಿ ಹೇಳಿದಳು:

“ಮುಂದೆ ಹೋಗಿ, ಮುಂದೆ ಹೋಗಿ, ಮುಂದೆ ಖಾಲಿ ಇದೆ.”

ಹತ್ತೊಂಬತ್ತು ವರ್ಷ ಊರಿಗೆಲ್ಲ ಹೇಳಿದ ಮಾತನ್ನು ತನಗೆ ಯಾರೋ ಹೇಳಿದ್ದು ಕಂಡಕ್ಟರಿಗೆ ಅದೇ ಮೊದಲು. ಕಾಲು ತಾನಾಗಿ ಎದ್ದಿತು. ಗ-8 ರಲ್ಲಿ ಹೋಗಿ ನಿಂತರು.

ಎಂಟನೆಯ ಸಾಲು ಮುಟ್ಟಿದ ಕಾಲಾಳು ಮಂತ್ರಿಯಾಗುತ್ತಾನೆ. ಮಂತ್ರಿ ಆ ಸಾಲಿನ ಉದ್ದಕ್ಕೂ ಮೂಲೆಯ ರಾಜನನ್ನು ನೋಡುತ್ತಾನೆ. ನಡುವೆ ಯಾರೂ ಇಲ್ಲ, ಇದ್ದವರೆಲ್ಲ ಜಗಲಿಯ ಬೆಂಚಿನಲ್ಲಿ. ರಾಜನಿಗೆ ಮುಂದೆ ಹೋಗಲು ತಾನೇ ನಿಲ್ಲಿಸಿಕೊಂಡ ಮೂವರು ಅಡ್ಡ. ಆಟ ಮುಗಿಯಿತು.

“ಇದು ಹೊರಗಿನ ಸಹಾಯ,” ಅಂದರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು.

ಗುಮಾಸ್ತರು ಸುತ್ತೋಲೆಯನ್ನು ಮೊದಲಿನಿಂದ ಕೊನೆಯ ತನಕ ಎರಡು ಸಲ ಓದಿದರು. “ಪೋಷಕರು ಮಕ್ಕಳಿಗೆ ಹೇಳಬಾರದು ಅಂತ ಇದೆ. ಮಕ್ಕಳು ಪೋಷಕರಿಗೆ ಹೇಳಬಾರದು ಅಂತ ಎಲ್ಲೂ ಇಲ್ಲ.”

“ಬೆಂಬಲ ಮೌನವಾಗಿರಬೇಕು ಅಂತ ಇದೆಯಲ್ಲ?”

“ಅದು ಪೋಷಕರ ಬೆಂಬಲ. ಮಗುವಿನ ಬೆಂಬಲಕ್ಕೆ ಇನ್ನೂ ನಿಯಮ ಆಗಿಲ್ಲ.”

ನಿಯಮ ಇನ್ನೂ ಆಗಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಕಾರ್ಯದರ್ಶಿಗಳ ಮುಖ ಅರಳಿತು. ಜೇಬಿನಿಂದ ಪೆನ್ನು ತೆಗೆದರು. ಹಿಂದೆ ಎರಡು ಪುಟ ದೂರು ಬರೆದಿದ್ದ ದಂತವೈದ್ಯೆ ಈ ಸಲ ಬಿಳಿ ಕಡೆಯವರಾದ್ದರಿಂದ ದೂರಲು ಏನೂ ಇಲ್ಲ ಅಂದರು.

ಬಡ್ತಿ ಪಡೆದು ಮಂತ್ರಿಯಾದವರಿಗೆ ಕೈಯಿರುವ ಕುರ್ಚಿ ಕೊಡಬೇಕಿತ್ತು. ಕಾರ್ಯದರ್ಶಿಗಳು ಕೋಟು ಎತ್ತಿಕೊಂಡು ಕುರ್ಚಿ ಖಾಲಿ ಮಾಡಿಕೊಟ್ಟರು. ಕಂಡಕ್ಟರು ಕೂತರು. ನಿಂತೇ ಕೆಲಸ ಮಾಡುವ ಮನುಷ್ಯ ಕೈಯಿರುವ ಕುರ್ಚಿಯ ಎರಡೂ ಕೈಗಳ ಮೇಲೆ ಕೈಯಿಟ್ಟು ಹೇಗೆ ಕೂರುತ್ತಾನೆ ಎಂಬುದನ್ನು ನೋಡಿಯೇ ತಿಳಿಯಬೇಕು.

“ಸಾರ್, ಇನ್ನು ಮಕ್ಕಳ ಆಟ?” ಅಂತ ಅಲ್ಲಿಂದಲೇ ಕೇಳಿದರು.

ಗಂಟೆ ಐದೂ ಮುಕ್ಕಾಲು. ಎಲ್ಲ ಸಹಿ ಮುಗಿಯುವಷ್ಟರಲ್ಲಿ ಹಾಡುಗಾರಿಕೆಯವರು ಹಾರ್ಮೋನಿಯಂ ಸಮೇತ ಬಾಗಿಲಿಗೆ ಬಂದಿದ್ದರು. ಕಾರ್ಯದರ್ಶಿಗಳು ನಿಂತಲ್ಲೇ ಪ್ರಕಟಣೆ ಓದಿದರು:

“ಹತ್ತು ವರ್ಷದೊಳಗಿನವರ ಪಂದ್ಯಾವಳಿಯು ಈ ದಿನ ನಲವತ್ತೊಂದು ನಡೆಗಳೊಂದಿಗೆ ಕ್ರಮಬದ್ಧವಾಗಿ ನಡೆದಿರುತ್ತದೆ. ನಡೆಗಳು ದಾಖಲಾಗಿರುವುದರಿಂದ ಪಂದ್ಯಾವಳಿ ನಡೆದಿಲ್ಲ ಎನ್ನಲು ಆಧಾರವಿಲ್ಲ. ಕಾಲಾಳಿನಿಂದ ಮಂತ್ರಿ ಪದವಿಗೇರಿದ ಪೋಷಕರಿಗೆ ಪ್ರಥಮ ಬಹುಮಾನ.”

ವಯಸ್ಸಿನ ಪ್ರಶ್ನೆ ಬಂತು. ಅದನ್ನು ಗುಮಾಸ್ತರು ಬಗೆಹರಿಸಿದರು. “ಸಂಘದಲ್ಲಿ ಇವರು ದಾಖಲಾಗಿರುವುದು ಪೋಷಕರು ಅಂತ. ಪೋಷಕರಾಗಿ ಇವರಿಗೆ ಎಷ್ಟು ವಯಸ್ಸು?”

“ಅವಳು ಹುಟ್ಟಿದಾಗಿಂದ, ಸಾರ್.”

“ಅವಳಿಗೆ ಹತ್ತು ತುಂಬೋದು?”

“ನಾಳೆ.”

“ಹಾಗಾದರೆ ಇವತ್ತಿಗೆ ನೀವು ಹತ್ತರ ಒಳಗೇ.” ರಿಜಿಸ್ಟರಿನಲ್ಲಿ ಬರೆದುಕೊಂಡು, ಬಹುಮಾನದ ಕಪ್ಪು ಮುಂದಿಟ್ಟರು. “ಇಲ್ಲಿ ವಿಜೇತರ ಸಹಿ. ಇಲ್ಲಿ ಬೆಂಬಲಿಗರ ಸಹಿ.”

ಗುಬ್ಬಿ ಬೆಂಬಲಿಗರ ಜಾಗದಲ್ಲಿ ದುಂಡಗೆ ಸಹಿ ಮಾಡಿದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದರು, ಕಪ್ಪು ತೊಡೆಯ ಮೇಲೆ. ಡ್ಯೂಟಿಯಲ್ಲಿದ್ದ ಕಂಡಕ್ಟರ್ ಗೆಳೆಯ ಕಪ್ಪಿನ ಮೇಲಿನ ಅಕ್ಷರ ಓದಿ, “ಮಗಳು ಗೆದ್ಲಾ?” ಅಂದ.

“ನಾನು ಗೆದ್ದೆ.”

“ಒಳ್ಳೇದಾಯ್ತು ಬಿಡಪ್ಪ,” ಅಂದು ಮುಂದಿನ ಸೀಟಿಗೆ ಹೋದ.

ಎರಡು ಸ್ಟಾಪು ದಾಟಿದವು.

“ಗುಬ್ಬಿ, ನಿಂಗೆ ಗಡಿಯಾರ ಮುಟ್ಟೋಕೇ ಸಿಗ್ಲಿಲ್ಲ.”

“ಹಾಳೆ ಸಿಕ್ತಲ್ಲಪ್ಪ.” ಮಡಿಸಿದ್ದ ಹಾಳೆಯನ್ನು ತೆಗೆದು ತೋರಿಸಿದಳು. ನಲವತ್ತೊಂದು ನಡೆ, ಒಂದೂ ತಪ್ಪಿಲ್ಲ. ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದಳು. “ಇದೊಂದು ನನ್ನದು.”

ಮನೆಯಲ್ಲಿ ಅಮ್ಮ ಆಗ ತಾನೇ ಆಸ್ಪತ್ರೆಯಿಂದ ಬಂದು ಕಾಲು ಚಾಚಿ ಕೂತಿದ್ದರು. ಕಪ್ಪನ್ನು ತಿರುಗಿಸಿ ನೋಡಿದರು.

“ಯಾರದ್ದಿದು?”

“ಅಪ್ಪಂದು,” ಅಂದಳು ಗುಬ್ಬಿ.

“ನೀನು ಆಡ್ಲಿಲ್ವಾ?”

“ನಂಗೆ ಬೆಂಬಲ ಕೊಡೋ ಕೆಲಸ ಇತ್ತಲ್ಲಮ್ಮ.”

“ಹೌದಲ್ವಾ,” ಅಂದು ಅಮ್ಮ ಕಪ್ಪನ್ನು ಕಪಾಟಿನ ಮೇಲೆ, ಔಷಧಿ ಡಬ್ಬದ ಪಕ್ಕ, ಧೂಳು ಕೂರದ ಹಾಗೆ ಮಗುಚಿ ಇಟ್ಟರು. “ಮುಂದಿನ ವರ್ಷ?”

“ಮುಂದಿನ ವರ್ಷ ಇಲ್ಲ. ನಾಳೆಗೆ ಅಪ್ಪಂಗೂ ಹತ್ತು ದಾಟುತ್ತೆ.” ಗುಬ್ಬಿ ಆಗಲೇ ಊಟದ ಮೇಜಿನ ಮೇಲೆ ಕಾಯಿ ಜೋಡಿಸುತ್ತಿದ್ದಳು. ಕೊನೆಯದಾಗಿ ಮುಚ್ಚಳವನ್ನು ಅದರ ಮನೆಯಲ್ಲಿಟ್ಟಳು. “ಬಾಪ್ಪಾ. ಇನ್ನೇನೂ ಕಲಿಯೋದಿಲ್ವಲ್ಲ.”

ಕಂಡಕ್ಟರು ಕಾಲು ತೊಳೆದು ಬಂದು ಕೂತರು. ಮೊದಲ ಕಾಲಾಳನ್ನು ಎರಡು ಮನೆ ಮುಂದಕ್ಕೆ ಕಳಿಸಿದರು. ಇಪ್ಪತ್ತು ನಿಮಿಷದಲ್ಲಿ, ಔಷಧಿ ಮುಚ್ಚಳದ ಕೈಯಲ್ಲಿ, ಸೋತರು.

ಇದೆಲ್ಲ ನಡೆದದ್ದು ಎರಡು ಸಾವಿರದ ಹತ್ತೊಂಬತ್ತನೇ ಇಸವಿ, ಮಾರ್ಚ್ ಹದಿನೇಳನೇ ತಾರೀಕು, ಭಾನುವಾರ.